ಮೂತ್ರದ ದಾರಿಗೆ ದೀಪ ಹಿಡಿದವರು

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರನ್ನು ಅವರ ಮಗ ಜೀಪಿನಲ್ಲಿ ಕರೆದುಕೊಂಡು ಬಂದರು. "ಅಪ್ಪನಿಗೆ ಹೊಟ್ಟೆ ಉಬ್ಬರ" ಅಂದರು. ಕೈ ಇಟ್ಟು ನೋಡಿದೆ. ಉಬ್ಬಿದ್ದು ಮೂತ್ರಕೋಶ. ಹಿಂದಿನ ರಾತ್ರಿಯಿಂದ ಒಂದು ಹನಿಯೂ ಹೋಗಿರಲಿಲ್ಲ. ಮೂತ್ರನಾಳಕ್ಕೆ ಪೈಪ್ ಹಾಕಿದಾಗ ಒಂದು ಲೀಟರಿಗಿಂತ ಜಾಸ್ತಿ ಮೂತ್ರ ಬಂತು. ಎರಡು ವರ್ಷದಿಂದ ಅವರು ರಾತ್ರಿ ಐದಾರು ಸಲ ಒಂದಕ್ಕೆ ಏಳುತ್ತಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ದಾರಿ ಕಟ್ಟಿದೆ ಎಂದು ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೊಯ್ಯಲಿಕ್ಕುಂಟಾ ಡಾಕ್ಟ್ರೇ?"

ಈ ಹೆದರಿಕೆ ಬಹಳ ಹಳೆಯದು. ಗ್ರೀಸಿನ ಹಿಪೊಕ್ರೇಟಿಸ್ ಹೆಸರಿನ ಪ್ರತಿಜ್ಞೆಯಲ್ಲಿ ವೈದ್ಯ, ಮೂತ್ರಕೋಶದ ಕಲ್ಲಿಗಾಗಿ ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎನ್ನುತ್ತಾನೆ. ನಮ್ಮ ಸುಶ್ರುತ ಸಂಹಿತೆ ಮೂತ್ರದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮ ಹೇಳುತ್ತದೆ. ಜೊತೆಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಮಾಡದಿದ್ದರೆ ಸಾವು ಖಚಿತ, ಮಾಡಿದರೂ ಉಳಿಯುವ ಖಾತ್ರಿ ಇಲ್ಲ. ಹಾಗಾಗಿ ಒಡೆಯನ ಒಪ್ಪಿಗೆ ಪಡೆದೇ ಕೈ ಹಾಕಬೇಕು. ಆಪರೇಷನ್ನಿಗೆ ಮೊದಲು ಮನೆಯವರ ಸಹಿ ಹಾಕಿಸಿಕೊಳ್ಳುವಾಗ ನನಗೆ ಈ ಮಾತು ನೆನಪಾಗುತ್ತದೆ.

ಮೂತ್ರಾಂಗಗಳ ಚಿಕಿತ್ಸೆ ನೋಡುವ ಯುರಾಲಜಿ ಬೇರೆಯೇ ವಿಭಾಗವಾಗಿ ಬೆಳೆದದ್ದು ಕೊಯ್ಯದೆ ಒಳಗೆ ಹೋಗುವ ದಾರಿ ಹುಡುಕಿದವರಿಂದ. 1824ರಲ್ಲಿ ಪ್ಯಾರಿಸ್ಸಿನ ಜಾನ್ ಸಿವಿಯಾಲ್ ಮೂತ್ರನಾಳದ ಮೂಲಕವೇ ಸಲಕರಣೆ ತೂರಿಸಿ, ಮೂತ್ರಕೋಶದೊಳಗೆ ಕಲ್ಲನ್ನು ಪುಡಿ ಮಾಡಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ ಅದು. ಕೊಯ್ದು ಕಲ್ಲು ತೆಗೆದರೆ ಸುಮಾರು ಐದರಲ್ಲಿ ಒಬ್ಬರು ಸಾಯುತ್ತಿದ್ದರು. ಸಿವಿಯಾಲ್ ಕ್ರಮದಲ್ಲಿ ಸಾಯುವವರು ನೂರಕ್ಕೆ ಎರಡು ಮೂರು ಜನ. ಈ ಲೆಕ್ಕವನ್ನು ಅವರು ಸೇರಿಸಿ ಮುಂದಿಟ್ಟದ್ದು ನನಗೆ ಅವರ ಸಲಕರಣೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಆದರೆ ಸಿವಿಯಾಲ್‌ಗೆ ಒಳಗೆ ಏನೂ ಕಾಣುತ್ತಿರಲಿಲ್ಲ. ಬರೀ ಕೈಯ ಅಂದಾಜು. ನಮ್ಮೂರ ಸುರಂಗಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟೇ ಜಾಗ ಮಾಡಿಕೊಂಡು, ಮೇಣದ ಬತ್ತಿ ಹಿಡಿದು ನೀರು ಹುಡುಕುತ್ತಾ ಅಗೆಯುತ್ತಿದ್ದರು. ಬೆಳಕಿಲ್ಲದೆ ಪಿಕ್ಕಾಸು ಎಲ್ಲಿ ಹಾಕುವುದು? ಯುರಾಲಜಿಗೆ ಆ ಬೆಳಕು ಕೊಟ್ಟವರು ಜರ್ಮನಿಯ ಮ್ಯಾಕ್ಸ್ ನಿಟ್ಸೆ. 1877ರಲ್ಲಿ ಅವರು ತೋರಿಸಿದ, ಮೂತ್ರಕೋಶದೊಳಗೆ ನೋಡುವ ಕೊಳವೆ ಸಿಸ್ಟೋಸ್ಕೋಪಿನ ತುದಿಯಲ್ಲಿ ವಿದ್ಯುತ್ತಿನಿಂದ ಕಾಯುವ ಪ್ಲಾಟಿನಂ ತಂತಿ ಇತ್ತು. ಒಳಗೆ ಸುಡಬಾರದೆಂದು ಸುತ್ತಲೂ ತಣ್ಣೀರು ಹರಿಸುತ್ತಿದ್ದರು. ಆಮೇಲೆ ಸಣ್ಣ ಬಲ್ಬ್ ಬಂತು, ಗಾಜಿನ ನಾರು ಬಂತು, ಕ್ಯಾಮೆರಾ ಬಂತು. ನಾನು ಇವತ್ತು ಪರದೆ ಮೇಲೆ ನೋಡುತ್ತಾ ಮಾಡುವ ಕೆಲಸವೆಲ್ಲ ಆ ಕಾದ ತಂತಿಯಿಂದ ಶುರುವಾದದ್ದು.

ಮುಂದಿನದ್ದು ಬೇಗ ನಡೆಯಿತು. 1890ರಲ್ಲಿ ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ಗುಯೋನ್ ಯುರಾಲಜಿಯ ಮೊದಲ ಪ್ರಾಧ್ಯಾಪಕರಾದರು. ಭಾರತದಲ್ಲಿ ಯುರಾಲಜಿಸ್ಟರ ಸಂಘ 1961ರಲ್ಲಿ ಹುಟ್ಟಿತು. 1980ರಲ್ಲಿ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯನ್ ಚೌಸಿ ಮತ್ತು ಅವರ ಜೊತೆಗಾರರು ಮೈಯೊಳಗೆ ಏನನ್ನೂ ತೂರಿಸದೆ, ಹೊರಗಿನಿಂದ ಬಿಟ್ಟ ಆಘಾತ ತರಂಗಗಳಿಂದ ಕಿಡ್ನಿ ಕಲ್ಲು ಒಡೆದರು. ಯಂತ್ರ ಮಾಡಿಕೊಟ್ಟದ್ದು ಡೋರ್ನಿಯರ್ ಎಂಬ ವಿಮಾನ ಕಂಪನಿ!

ಈಗ ಎಲ್ಲರೂ ಕೇಳುವುದು ರೋಬೋಟಿನ ಬಗ್ಗೆ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಪಕ್ಕದಲ್ಲಿ ಕೂತ ಸರ್ಜನ್‌ನ ಕೈಯನ್ನೇ ಅದು ಸಣ್ಣದಾಗಿ, ನಡುಗದಂತೆ ಒಳಗೆ ಆಡಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ, ಕಿಡ್ನಿ ಉಳಿಸಿ ಗಡ್ಡೆ ಮಾತ್ರ ತೆಗೆಯುವುದಕ್ಕೆ ಅದು ಒಳ್ಳೆಯ ಸಾಧನ. ಸಾಮಾನ್ಯ ಕಲ್ಲಿಗೆ ಅದು ಬೇಡ. ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಕಲ್ಲಿಗೆ ಬಹಳ ತೆಳ್ಳಗಿನ ಲೇಸರ್ ತಂತಿಗಳೇ ಸಾಕು. ಅವು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ.

ನನ್ನ ಚಿಂತೆ ಬೇರೆ. ಯಂತ್ರ ಇಷ್ಟು ಮುಂದೆ ಹೋದರೂ ಮಂಜೇಶ್ವರ, ಕುಂಬಳೆ, ಪೆರ್ಲದಂಥ ನಮ್ಮ ಗಡಿಯೂರುಗಳ ಜನ ಇದಕ್ಕೆ ಹೆಚ್ಚಾಗಿ ಮಂಗಳೂರಿಗೇ ಓಡುತ್ತಾರೆ. 2020ರಲ್ಲಿ ಕೊರೊನಾದಿಂದ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನನಗೆ ದಿನಾ ಫೋನ್ ಬರುತ್ತಿತ್ತು. ಪೈಪ್ ಬದಲಾಯಿಸುವ ದಿನ ದಾಟಿದವರು, ಕಿಡ್ನಿಯಿಂದ ಮೂತ್ರ ಇಳಿಯಲು ಒಳಗೆ ಇಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಿಕೊಂಡು ತೆಗೆಸಲಾಗದೆ ಉಳಿದವರು. ಊರಿನ ನರ್ಸ್ ಒಬ್ಬರಿಗೆ ವಿಡಿಯೋದಲ್ಲಿ ಹೇಳಿಕೊಡುತ್ತಾ ಎಷ್ಟೋ ಪೈಪ್ ಬದಲಾಯಿಸಿದೆವು. ನನ್ನ ಕಣ್ಣಿಗೆ ಯುರಾಲಜಿಯ ಭವಿಷ್ಯ ಕಂಡದ್ದು ಆ ಸಣ್ಣ ಪರದೆಯಲ್ಲಿ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ, ರೋಗಿಯ ಕೈಗೆ ಕನ್ನಡದ ಚೀಟಿ ಕೊಡುವ ಪೂರ್ಣ ಯುರಾಲಜಿ ವಿಭಾಗ ನಡೆಯುವುದನ್ನು ನೋಡಬೇಕೆಂದು ನನಗೆ ತುಂಬಾ ಆಸೆ. ಓದಲಾಗದ ಚೀಟಿ ಹಿಡಿದು ಮಾತ್ರೆ ತಪ್ಪಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಇನ್ನೊಂದು ಅಡ್ಡಿ ನಾಚಿಕೆ. ಅದು ಹೆಂಗಸರಲ್ಲಿ ಜಾಸ್ತಿ. ದಿನವಿಡೀ ಕೂತು ಬೀಡಿ ಕಟ್ಟುವ ಎಷ್ಟೋ ಅಮ್ಮಂದಿರು, ಪದೇ ಪದೇ ಏಳಬೇಕಾಗುತ್ತದೆಂದು ನೀರೇ ಕುಡಿಯುವುದಿಲ್ಲ. ಕಲ್ಲು, ಉರಿಮೂತ್ರ ಬಂದಮೇಲೂ ಹೇಳುವುದಿಲ್ಲ.

ಬದಿಯಡ್ಕದ ಆ ಹಿರಿಯರಿಗೆ ದಾರಿ ಕಟ್ಟಿದ್ದ ಪ್ರಾಸ್ಟೇಟಿನ ಭಾಗವನ್ನು ಲೇಸರ್‌ನಲ್ಲಿ ತೆಗೆದೆವು. ಮೈಮೇಲೆ ಒಂದು ಹೊಲಿಗೆಯೂ ಇಲ್ಲ. ತಿಂಗಳ ಬಳಿಕ ತೋರಿಸಲು ಬಂದವರು ಎದ್ದು ಹೊರಟರು. ಅವರ ಹೆಂಡತಿ ಮಾತ್ರ ಬಾಗಿಲ ಹತ್ತಿರ ನಿಂತರು. "ನನಗೂ ಒಂದು ಕೇಳಲಿಕ್ಕುಂಟು." ಕೆಮ್ಮಿದರೆ, ಕೊಡಪಾನ ಎತ್ತಿದರೆ ಸೀರೆ ಒದ್ದೆಯಾಗುತ್ತದಂತೆ. ಆರು ವರ್ಷದಿಂದ. ಕೂತುಕೊಳ್ಳಿ ಅಮ್ಮಾ ಅಂದೆ. ಪರೀಕ್ಷೆ ಮಾಡಿ, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವ ವ್ಯಾಯಾಮ ಹೇಳಿಕೊಟ್ಟೆ. ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಆಮೇಲೆ ನೋಡೋಣ ಎಂದಿದ್ದೇನೆ.