ಸಯಾನಿಕ್ ಆಮ್ಲ: ಯೂರಿಯಾ ಚೀಲದ ವಿಷದ ನೆಂಟ

ಮೊದಲು ಹೆಸರಿನ ಗೊಂದಲ ಮುಗಿಸೋಣ, ನಾನು ಟೆಸ್ಟ್‌ನಲ್ಲಿ ಎಡವಿದ್ದೇ ಅಲ್ಲಿ. ಹೈಡ್ರೋಸಯಾನಿಕ್ ಆಮ್ಲ ಅಂದರೆ ಎಚ್‌ಸಿಎನ್ (ಹೈಡ್ರೋಜನ್, ಕಾರ್ಬನ್, ಸಾರಜನಕ), ಹಸಿ ಮರಗೆಣಸಿನಿಂದ ಹುಟ್ಟುವ ವಿಷ. ಮರಗೆಣಸನ್ನು ಚೆನ್ನಾಗಿ ಬೇಯಿಸದೆ ತಿನ್ನಬೇಡ ಅಂತ ಅಜ್ಜಿ ಬೈಯುವುದು ಅದಕ್ಕೇ. ಸಯಾನಿಕ್ ಆಮ್ಲ ಬೇರೆ. ಅದರಲ್ಲಿ ಒಂದು ಆಮ್ಲಜನಕ ಜಾಸ್ತಿ: ಎಚ್‌ಓಸಿಎನ್. 'ಸಯಾನ್' ಅನ್ನೋದು ಗ್ರೀಕ್ ಮೂಲದ ಪದ, ಕಡುನೀಲಿ ಅಂತ ಅರ್ಥ. ಪ್ರಷ್ಯನ್ ಬ್ಲೂ ಬಣ್ಣದಿಂದ ಬಂದ ಹೆಸರು. ಆಮ್ಲಕ್ಕೆ ಮಾತ್ರ ಬಣ್ಣವೇ ಇಲ್ಲ!

ಇದು ವಿಷ, ಘಾಟು ವಾಸನೆ, ಕಣ್ಣಲ್ಲಿ ನೀರು ಬರಿಸುತ್ತದೆ. ಬಾಟಲಿಯಲ್ಲಿ ಇಟ್ಟುಕೊಳ್ಳೋಣ ಅಂದರೆ ಆಗದು. ನೀರು ಸಿಕ್ಕರೆ ಒಡೆದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಸುಮ್ನೆ ಬಿಟ್ಟರೆ ತನಗೆ ತಾನೇ ಅಂಟಿಕೊಂಡು ಘನವಾಗುತ್ತದೆ. ನಿಜವಾಗಿ ಸಿಗುವುದು ಹೆಚ್ಚಾಗಿ ಅದರ ಐಸೋಮರ್ (ಅದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ), ಐಸೋಸಯಾನಿಕ್ ಆಮ್ಲ, ಎಚ್‌ಎನ್‌ಸಿಓ. ಇದರಲ್ಲಿ ಹೈಡ್ರೋಜನ್ ಕೂತಿರುವುದು ಸಾರಜನಕದ ಮೇಲೆ. ಕುದಿಯುವುದು ಸುಮಾರು 23.5 ಡಿಗ್ರಿಗೆ, ಅಂದರೆ ಏಪ್ರಿಲ್‌ನಲ್ಲಿ ಶಿವಮೊಗ್ಗದ ಮಧ್ಯಾಹ್ನಕ್ಕೆ ಅದು ದ್ರವವಾಗಿ ಉಳಿಯುವ ಮಾತೇ ಇಲ್ಲ.

ಇದೇ ನಾಲ್ಕು ಪರಮಾಣುಗಳನ್ನು ಇನ್ನೊಂದು ರೀತಿ ಜೋಡಿಸಿದರೆ ಫಲ್ಮಿನಿಕ್ ಆಮ್ಲ, ಅದರ ಲವಣಗಳು ಸಿಡಿಯುತ್ತವೆ. 1820ರ ದಶಕದಲ್ಲಿ ಇಬ್ಬರು ಜರ್ಮನ್ ರಸಾಯನಶಾಸ್ತ್ರಜ್ಞರು ಇವುಗಳ ಬೆಳ್ಳಿ ಲವಣಗಳಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆದರು: ವೋಲರ್ ಸಯಾನಿಕ್ ಆಮ್ಲದ ಸಿಲ್ವರ್ ಸಯನೇಟ್ ಅಳೆದ, ಲೀಬಿಗ್ ಸಿಲ್ವರ್ ಫಲ್ಮಿನೇಟ್ ಅಳೆದ. ಎರಡರದ್ದೂ ಒಂದೇ ಲೆಕ್ಕ! ಒಬ್ಬ ತಪ್ಪು ಮಾಡಿರಬೇಕು ಅಂತ ಮೊದಲು ಜಗಳವೇ ಆಯ್ತು. ಇಬ್ಬರೂ ಸರಿಯೇ ಇದ್ದರು, ಬೇರೆ ಇದ್ದದ್ದು ಜೋಡಣೆ. ಐಸೋಮರ್ ಅನ್ನುವ ಮಾತನ್ನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ತಂದದ್ದು ಆಮೇಲೆ.

1828ರಲ್ಲಿ ವೋಲರ್ ಅಮೋನಿಯಂ ಸಯನೇಟ್ ಮಾಡಲು ಹೋದಾಗ ಸಿಕ್ಕಿದ್ದು ಯೂರಿಯಾ. ಮೂತ್ರದಲ್ಲಿರುವ ವಸ್ತು, ಮೂತ್ರಪಿಂಡದ ಹಂಗೇ ಇಲ್ಲದೆ! ಜೂನ್ ಮಳೆಗೆ ನಮ್ಮ ಕೊಟ್ಟಿಗೆಯಲ್ಲಿ ತೇವ ಎಳೆದು ಗಡ್ಡೆ ಕಟ್ಟುವ ಗೊಬ್ಬರದ ಚೀಲದಲ್ಲಿ ಇರುವುದೂ ಅದೇ.

ಯೂರಿಯಾದಿಂದ ಆಮ್ಲಕ್ಕೆ ಹೋಗುವ ಉಲ್ಟಾ ದಾರಿಯೂ ಇದೆ, ಪ್ರಾಕ್ಟಿಕಲ್‌ನಲ್ಲಿ ನಾವೇ ಮಾಡಿದ್ದೇವೆ. ಯೂರಿಯಾ ಗುರುತಿಸುವ ಬೈಯೂರೆಟ್ ಪರೀಕ್ಷೆ ನೆನಪಿದೆ ಅಲ್ವಾ? ಯೂರಿಯಾ ಕಾಯಿಸಿದಾಗ ಮೂಗಿಗೆ ಬಡಿಯುವುದು ಅಮೋನಿಯಾ, ಅದು ಹೋದ ಮೇಲೆ ಉಳಿಯುವುದು ಐಸೋಸಯಾನಿಕ್ ಆಮ್ಲ. ಅದು ಪಕ್ಕದ ಯೂರಿಯಾ ಅಣುವಿಗೆ ಅಂಟಿಕೊಂಡು ಬೈಯೂರೆಟ್ ಆಗುತ್ತದೆ, ಕ್ಷಾರ ಹಾಕಿ ಒಂದೆರಡು ಹನಿ ಮೈಲುತುತ್ತದ ದ್ರಾವಣ ಬಿಟ್ಟರೆ ನೇರಳೆ ಬಣ್ಣ. ಹೌದು, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೇ.

ಕಟ್ಟಿಗೆ ಹೊಗೆಯಲ್ಲೂ ಐಸೋಸಯಾನಿಕ್ ಆಮ್ಲ ಸ್ವಲ್ಪ ಇರುತ್ತದೆ. ಬಚ್ಚಲ ಒಲೆ ಊದುವಾಗ ಕಣ್ಣುರಿಯಲು ಬೇರೆ ಕಾರಣಗಳು ಬೇಕಾದಷ್ಟಿವೆ, ಎಲ್ಲ ತಪ್ಪನ್ನೂ ಇದರ ತಲೆಗೆ ಕಟ್ಟಬೇಡಿ.