ಹಳೇ ಬ್ರೌಸರ್ ಅಂದ್ರೆ ಈಗ ಐಇ ಅಲ್ಲ

ಹಳೇ ಬ್ರೌಸರ್ ಎಂದ ಕೂಡಲೇ ವೆಬ್‌ಸೈಟ್ ಮಾಡುವ ನಮ್ಮ ಫೀಲ್ಡಿನವರಿಗೆ ನೆನಪಾಗುವುದು ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) 6. 2001ರಲ್ಲಿ ಬಂದದ್ದು, ವರ್ಷಗಟ್ಟಲೆ ಗೋಳು ಹೊಯ್ದುಕೊಂಡಿತು. ಪುಟ ಹೇಗೆ ಕಾಣಬೇಕು ಎಂದು ಬರೆಯುವ ಸಿಎಸ್‌ಎಸ್‌ನಲ್ಲಿ, ಎಡಕ್ಕೆ ಫ್ಲೋಟ್ ಮಾಡಿದ (ಎಡ ಅಂಚಿಗೆ ಸರಿಸಿದ) ಬಾಕ್ಸಿಗೆ ಎಡಗಡೆ 10 ಪಿಕ್ಸೆಲ್ ಮಾರ್ಜಿನ್, ಅಂದ್ರೆ ಹೊರಗಿನ ಖಾಲಿ ಜಾಗ, ಕೊಟ್ಟರೆ ಅದು 20 ಮಾಡಿ ತೋರಿಸುತ್ತಿತ್ತು. ಅದೇ ಬಾಕ್ಸಿಗೆ 'ಡಿಸ್‌ಪ್ಲೇ ಇನ್‌ಲೈನ್' ಎಂದು ಬರೆದರೆ ಸರಿಹೋಗುತ್ತಿತ್ತು. ಯಾಕೆ ಅಂತ ಮಾತ್ರ ಕೇಳಬೇಡಿ.

ಈಗಿನ ತಲೆನೋವು ಅಪ್‌ಡೇಟ್ ನಿಂತುಹೋದ ಫೋನುಗಳದ್ದು. ಐಫೋನ್ 6 ತೆಗೆದುಕೊಳ್ಳಿ. ಅದು ಐಒಎಸ್ 12 ದಾಟುವುದಿಲ್ಲ. ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಪುಟ ತೋರಿಸುವ ಸಫಾರಿಯ ಇಂಜಿನ್ ವೆಬ್‌ಕಿಟ್ಟೇ, ಅದೂ ಸಫಾರಿ 12ರದ್ದು.

ಅದರಲ್ಲಿ ಜಾಸ್ತಿ ಸಿಕ್ಕಿಬೀಳುವುದು ಫ್ಲೆಕ್ಸ್ (ಬಾಕ್ಸುಗಳನ್ನು ಸಾಲಾಗಿ ಜೋಡಿಸುವ ವಿಧಾನ) ಜೊತೆ ಬಳಸುವ 'ಗ್ಯಾಪ್'ನಿಂದ, ಅಂದ್ರೆ ಬಾಕ್ಸುಗಳ ನಡುವಿನ ಅಂತರದಿಂದ. ಸಫಾರಿಗೆ ಇದು ಬಂದದ್ದು 2021ರಲ್ಲಿ, 14.1ನೇ ಆವೃತ್ತಿಗೆ. ಹಳೇ ಫೋನಿನಲ್ಲಿ 'ಸೇವ್', 'ಕ್ಯಾನ್ಸಲ್' ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಒಂದು ಒತ್ತಲು ಹೋದರೆ ಇನ್ನೊಂದು! ಸರಿ, 'ಇದು ನಿನಗೆ ಗೊತ್ತಾ' ಎಂದು ಕೇಳುವ ಸಿಎಸ್‌ಎಸ್‌ನ 'ಸಪೋರ್ಟ್ಸ್' ಬರೆದು ಬ್ರೌಸರನ್ನೇ ಕೇಳೋಣ ಅಂದುಕೊಳ್ಳುತ್ತೀರಿ, ಅಲ್ವಾ? ಅಲ್ಲೇ ಇರುವುದು ಮೋಸ. 'ಗ್ಯಾಪ್ ಗೊತ್ತಾ?' ಎಂದರೆ ಸಫಾರಿ 12 'ಹೂಂ' ಅನ್ನುತ್ತದೆ. ಗ್ರಿಡ್‌ನಲ್ಲಿ (ಸಾಲು-ಕಂಬಗಳಲ್ಲಿ ಜೋಡಿಸುವ ವಿಧಾನ) ಅದಕ್ಕೆ ಗ್ಯಾಪ್ ಗೊತ್ತು, ಫ್ಲೆಕ್ಸ್‌ನಲ್ಲಿ ಗೊತ್ತಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಆ ವ್ಯತ್ಯಾಸವೇ ಇಲ್ಲ.

ಹಾಗಾಗಿ ಲೇಔಟ್ ಒಪ್ಪಿದರೆ ಗ್ರಿಡ್ ಬಳಸುತ್ತೇನೆ. ಇಲ್ಲವಾದರೆ ಹಳೇ ದಾರಿ: ಪ್ರತಿ ಬಟನ್‌ಗೆ ಸುತ್ತಲೂ 4 ಪಿಕ್ಸೆಲ್ ಮಾರ್ಜಿನ್, ಹೊರಗಿನ ಬಾಕ್ಸಿಗೆ ಮೈನಸ್ 4. ಬಟನ್‌ಗಳು ಎರಡನೇ ಸಾಲಿಗೆ ಇಳಿದರೂ ಅಂಚು ಕೆಡುವುದಿಲ್ಲ. ನೆರಳು, ಗ್ರೇಡಿಯೆಂಟ್ ಕಾಣಲಿಲ್ಲ ಅಂತ ಕೂತು ಸರಿಮಾಡುವುದಿಲ್ಲ. ಬಟನ್ ಒತ್ತಲು ಬಂದರೆ ಸಾಕು.

ಉಳಿದ ಎಷ್ಟೋ ಕಡೆ ಇಂಥ ಹ್ಯಾಕ್ (ಅಡ್ಡದಾರಿ) ಬೇಕಾಗುವುದೇ ಇಲ್ಲ. ಅರ್ಥವಾಗದ ಸಿಎಸ್‌ಎಸ್ ಸಾಲನ್ನು ಬ್ರೌಸರ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಎತ್ತರಕ್ಕೆ ಮೊದಲು '100 ವಿಎಚ್' (ಪರದೆಯ ಪೂರ್ತಿ ಎತ್ತರ), ಕೆಳಗಿನ ಸಾಲಿನಲ್ಲಿ '100 ಡಿವಿಎಚ್' (ಅಡ್ರೆಸ್ ಬಾರ್ ಬಂದುಹೋದಂತೆ ಬದಲಾಗುವ ಎತ್ತರ) ಬರೆಯಿರಿ. ಹಳೆಯದು ಮೊದಲನೆಯದನ್ನು ಹಿಡಿಯುತ್ತದೆ, ಹೊಸದು ಎರಡನೆಯದನ್ನು.

ನಿಯಮ ಯಾವುದಕ್ಕೆ ಅನ್ವಯಿಸಬೇಕು ಎಂದು ಹೇಳುವ ಸೆಲೆಕ್ಟರ್‌ಗೆ ಮಾತ್ರ ಈ ಉದಾರತೆ ಇಲ್ಲ. 'ಫೋಕಸ್' (ಈಗ ಆಯ್ಕೆಯಾಗಿರುವ ಬಟನ್ ಅಥವಾ ಬಾಕ್ಸ್), 'ಫೋಕಸ್-ವಿಸಿಬಲ್' (ಆ ಆಯ್ಕೆ ಕಣ್ಣಿಗೆ ಕಾಣಬೇಕಾದಾಗ ಮಾತ್ರ) ಎರಡನ್ನೂ ಕಾಮಾ ಹಾಕಿ ಒಟ್ಟಿಗೆ ಬರೆದಿರೋ, 15.4ಕ್ಕಿಂತ ಹಳೇ ಸಫಾರಿ ಇಡೀ ನಿಯಮವನ್ನೇ ಎಸೆಯುತ್ತದೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ಕೋಡ್ ಚಿಕ್ಕದು ಮಾಡುವ ಟೂಲ್ ಅವನ್ನು ಮತ್ತೆ ಸೇರಿಸಿಬಿಟ್ಟಿಲ್ಲ ತಾನೇ, ಅದನ್ನೂ ನೋಡಿಕೊಳ್ಳಿ.