ಕೆನ್ನೆ ಗುಳಿಬಿದ್ದರೆ ಎಚ್‌ಐವಿ ಮಾತ್ರೆ ನಿಲ್ಲಿಸಬೇಕೆ?

ಪ್ರಶ್ನೆ: ಬಹಳ ವರ್ಷಗಳಿಂದ ಎಚ್‌ಐವಿ ಚಿಕಿತ್ಸೆಯಲ್ಲಿದ್ದೇನೆ. ಕೆನ್ನೆಗಳು ಗುಳಿಬಿದ್ದಿವೆ, ಬಾಯಿ ಸದಾ ಒಣಗಿರುತ್ತದೆ. ಇದು ಮಾತ್ರೆಗಳಿಂದಲೇ ಆದದ್ದೇ? ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ವೈರಾಣು ರಕ್ತದಲ್ಲಿ ಮತ್ತೆ ಹೆಚ್ಚುತ್ತದೆ. ಔಷಧಕ್ಕೆ ಬಗ್ಗದ ತಳಿ ತಲೆಯೆತ್ತುವ ಅಪಾಯವೂ ಇದೆ. ವೈದ್ಯರೊಂದಿಗೆ ಮಾತನಾಡಿ ಔಷಧವನ್ನು ಬದಲಾಯಿಸಿಕೊಳ್ಳುವ ದಾರಿ ಬೇರೆಯೇ ಇದೆ.

ಕೆನ್ನೆಯ ವಿಷಯದಲ್ಲಿ ನಿಮ್ಮ ಅನುಮಾನಕ್ಕೆ ಆಧಾರವಿದೆ. ಹಳೆಯ ಔಷಧಗಳಾದ ಸ್ಟಾವುಡಿನ್, ಅದಕ್ಕಿಂತ ಕಡಿಮೆ ಮಟ್ಟಿಗೆ ಜಿಡೊವುಡಿನ್, ವೈರಾಣುವಿನ ವೃದ್ಧಿಯನ್ನು ತಡೆಯುವುದರ ಜೊತೆಗೆ ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದೊಳಗಿನ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೂ ಅಡ್ಡಿಯಾಗುತ್ತವೆ. ಇದರಿಂದ ಚರ್ಮದಡಿಯ ಕೊಬ್ಬಿನ ಕೋಶಗಳು ಕ್ರಮೇಣ ನಶಿಸುತ್ತವೆ. ಆಗ ಕೆನ್ನೆಮೂಳೆಯ ಕೆಳಗೆ ನೆರಳು ಬೀಳುವಷ್ಟು ಗುಳಿಯಾಗುತ್ತದೆ, ಮೂಗಿನ ಬದಿಯಿಂದ ಬಾಯಿಯ ಅಂಚಿಗಿಳಿಯುವ ಗೆರೆ ಆಳವಾಗುತ್ತದೆ. ಮುಖ ನೋಡಿಯೇ ಜನ ಕಾಯಿಲೆಯನ್ನು ಊಹಿಸಿಬಿಡುತ್ತಾರೆಂಬ ಅಂಜಿಕೆ ಎಷ್ಟು ಭಾರವಾದದ್ದೆಂದು ಬಲ್ಲವರು ಇದನ್ನು ಬರಿಯ ಅಂದಚಂದದ ವಿಷಯವೆಂದು ತಳ್ಳಿಹಾಕಲಾರರು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಸ್ಟಾವುಡಿನ್ ಬಳಕೆಯನ್ನು ಹಂತಹಂತವಾಗಿ ಕೈಬಿಡುವಂತೆ ಸಲಹೆ ನೀಡಿತು. ಟೆನೊಫೊವಿರ್‌ನಂಥ ಔಷಧಕ್ಕೆ ಬದಲಾದವರಲ್ಲಿ ಕೊಬ್ಬು ಮರಳಿ ತುಂಬಿಕೊಳ್ಳುತ್ತದೆ, ಆದರೆ ಬಹಳ ನಿಧಾನವಾಗಿ, ಹಲವು ಬಾರಿ ಅರ್ಧಂಬರ್ಧವಾಗಿ. ಉಳಿದ ಗುಳಿಯನ್ನು ಚರ್ಮದಡಿಗೆ ಚುಚ್ಚುವ ಫಿಲ್ಲರ್‌ಗಳಿಂದ ತುಂಬಿಸಬಹುದು.

ಬಾಯಿ ಒಣಗುವುದಕ್ಕೆ ಒಂದೇ ಕಾರಣವನ್ನು ಹೊಣೆ ಮಾಡಲಾಗದು. ಎಚ್‌ಐವಿಯೇ ಜೊಲ್ಲುಗ್ರಂಥಿಗಳನ್ನು ಬಾಧಿಸಬಲ್ಲದು. ಖಿನ್ನತೆಗೋ ಅಲರ್ಜಿಗೋ ತೆಗೆದುಕೊಳ್ಳುವ ಮಾತ್ರೆಯೂ ಕಾರಣವಿರಬಹುದು. ಜೊಲ್ಲು ಕಡಿಮೆಯಾದರೆ ಒಸಡಿನಂಚಿನಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ನಾಲಿಗೆಯ ಮೇಲೆ ಬಿಳಿ ಪದರ ಕಾಣಿಸಿಕೊಳ್ಳಬಹುದು. ಆದ್ದರಿಂದ ಆಗಾಗ ನೀರು ಗುಟುಕರಿಸಿ, ಫ್ಲೋರೈಡ್ ಪೇಸ್ಟ್ ಬಳಸಿ, ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ದಂತವೈದ್ಯರಿಗೆ ತೋರಿಸಿ.

ಎಚ್‌ಐವಿಯ ಇತರ ಔಷಧಗಳಿಗೂ ಅವುಗಳದೇ ಅಡ್ಡಪರಿಣಾಮಗಳಿವೆ. ರಿಟೊನವಿರ್‌ನಿಂದ ಬಾಯಿರುಚಿ ಕೆಡುವುದು, ತುಟಿಯ ಸುತ್ತ ಜುಮುಗುಡುವುದು ಉಂಟು. ಅಟಜನವಿರ್ ತೆಗೆದುಕೊಳ್ಳುವವರ ಕಣ್ಣು ಹಳದಿಯಾದರೆ ಅದು ಬಹುಮಟ್ಟಿಗೆ ನಿರಪಾಯಕಾರಿ, ಆದರೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.

ತಡಮಾಡಬಾರದ ಸಂದರ್ಭವೂ ಒಂದಿದೆ. ನೆವಿರಪಿನ್ ಅಥವಾ ಅಬಾಕವಿರ್ ಎಂಬ ಎಚ್‌ಐವಿ ಔಷಧವನ್ನು ಶುರುಮಾಡಿದ ಮೊದಲ ವಾರಗಳಲ್ಲಿ ಜ್ವರ, ಮೈಮೇಲೆ ದದ್ದು, ಬಾಯಿಯಲ್ಲಿ ಹುಣ್ಣು, ಮುಖದ ಊತ ಕಂಡರೆ ಮುಂದಿನ ಮಾತ್ರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಅಬಾಕವಿರ್ ಅಲರ್ಜಿಯೆಂದು ವೈದ್ಯರು ನಿರ್ಧರಿಸಿ ಔಷಧವನ್ನು ನಿಲ್ಲಿಸಿದರೆ, ಅದನ್ನು ಇನ್ನೆಂದೂ ಮುಟ್ಟಬಾರದು. ಎರಡನೆಯ ಸಲದ ಪ್ರತಿಕ್ರಿಯೆ ಪ್ರಾಣಾಂತಿಕವಾಗಬಹುದು.